‘ತಗೊಂಡೆ’ ಎನ್ನುತ್ತಿದ್ದವನು

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ವ್ಯವಸ್ಥೆಯನ್ನು ನಿಲ್ಲಿಸಿದರು. ನಿಲ್ಲಿಸಿದರು ಅಂದರೆ ಸಭೆ ಸಮಾರಂಭವೇನೂ ನಡೆಯಲಿಲ್ಲ. ಹೊಸದಾಗಿ ಸೇರಿದ ಇಬ್ಬರು ಎಂಜಿನಿಯರುಗಳು ಪರದೆಯ ಮೇಲೆ ಏನನ್ನೋ ಒತ್ತಿದರು, ಹೊಸದು ಶುರುವಾಯಿತು, ಹಳೆಯದು ಹೋಯಿತು. ಒತ್ತುವ ಮುಂಚೆ ಅವರಲ್ಲಿ ಒಬ್ಬಳು ನನ್ನ ಕಡೆ ತಿರುಗಿ, ಇದನ್ನು ಬರೆದವರು ಯಾರು ಮೇಡಂ, ಇದರಲ್ಲಿ ಒಂದು ಭಾಗಕ್ಕೆ ‘ಅಟ್ಟ’ ಅಂತ ಹೆಸರಿಟ್ಟಿದ್ದಾರಲ್ಲ ಎಂದು ಕೇಳಿದಳು. ನನಗೆ ನಗು ಬಂತು. ಬರೆದವನ ಹೆಸರು ಹೇಳಿದರೆ ಅವನಿಗೆ ನಾಚಿಕೆಯಾಗುತ್ತದೆ. ಹಾಗಾಗಿ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿಬಿಡುತ್ತೇನೆ.

ನಮ್ಮ ಆಫೀಸು ಇರುವುದು ಚಿನ್ನದ ಗಣಿಯ ಊರಿನ ಆಂಡರ್ಸನ್‌ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲೆ. ಸುತ್ತಲಿನ ಶಾಲೆಗಳು, ರಕ್ತ ಪರೀಕ್ಷೆಯ ಲ್ಯಾಬುಗಳು, ಹಾಲಿನ ಡೈರಿಗಳು, ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟು ಮಾಡಿಕೊಡುತ್ತೇವೆ. ಗಿರಾಕಿಗಳ ಫೋನು ಎತ್ತುವುದು ನನ್ನ ಕೆಲಸ, ಅಂದರೆ ಎಲ್ಲರ ಪರವಾಗಿ ಬೈಸಿಕೊಳ್ಳುವುದು. ನಾನು ಕ್ಯಾಸಂಬಳ್ಳಿ ಕಡೆಯವಳು, ಬೈದರೆ ಬೈಸಿಕೊಂಡು ಸುಮ್ಮನಿರುವ ಪೈಕಿ ಅಲ್ಲ. ಅದನ್ನು ನೋಡಿಯೇ ಮಾಲೀಕರು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು.

ಅವನು ದಿನಾ ಬಂಗಾರಪೇಟೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ. ಮೆಟ್ಟಿಲು ಹತ್ತಿ ಒಳಗೆ ಬಂದವನು ತಲೆಯ ಮೇಲಿನ ಹೆಲ್ಮೆಟ್ಟನ್ನು ತೆಗೆಯದೆ ಹಾಗೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ರಾತ್ರಿಯಿಂದ ಏನೇನು ಕೆಟ್ಟಿದೆ ಎಂದು ನೋಡಿ ಮುಗಿಸಿದ ಮೇಲೆಯೇ ಹೆಲ್ಮೆಟ್ಟು ಇಳಿಯುವುದು, ಆಮೇಲೆಯೇ ಕಾಫಿ. ಬಂದ ಗಿರಾಕಿಗಳು ಅವನನ್ನು ಕೊರಿಯರ್‌ನವನು ಎಂದುಕೊಂಡು ಕವರಿಗಾಗಿ ಕೈ ಚಾಚಿದ್ದುಂಟು. ಅವನು ಆ ಕೈಯನ್ನು ಕುಲುಕಿ ಮತ್ತೆ ಕೆಲಸಕ್ಕೆ ಕೂರುತ್ತಿದ್ದ.

ಅವನ ಕೆಲಸ ಏನು ಅಂತ ನನಗೆ ಅರ್ಥ ಮಾಡಿಸಿದವನೂ ಅವನೇ. ನಮ್ಮ ಕೆಲಸ ನಡೆಯುವುದು ಸರ್ವರ್‌ಲೆಸ್‌ನಲ್ಲಿ, ಅಂದರೆ ಸರ್ವರ್ ಕಂಪ್ಯೂಟರೇ ಇಲ್ಲ ಅಂತಲ್ಲ ಅಕ್ಕ, ಅದು ನಮ್ಮದಲ್ಲ, ಬಾಡಿಗೆಯದು ಎನ್ನುತ್ತಿದ್ದ. ಬಂಗಾರಪೇಟೆಯಲ್ಲಿ ಬೆಳಿಗ್ಗೆ ಕೂಲಿಗೆ ಜನ ನಿಂತಿರುತ್ತಾರಲ್ಲ, ಹಾಗೆ. ಕೆಲಸ ಇದ್ದಾಗ ಕರೆಯಬೇಕು, ಬರುತ್ತಾರೆ, ಮಾಡುತ್ತಾರೆ, ಹೋಗುತ್ತಾರೆ. ಕೆಲಸವಿಲ್ಲದ ಹೊತ್ತಿಗೆ ನಾವು ಕೂಲಿ ಕೊಡಬೇಕಾಗಿಲ್ಲ. ಆದರೆ ಈ ಕೂಲಿಗಳಿಗೆ ಒಂದು ದುರಭ್ಯಾಸ. ಗೊತ್ತುಮಾಡಿದ ಹೊತ್ತು ಮುಗಿಯುತ್ತಲೇ ಮಂಕರಿಯನ್ನು ದಾರಿಯಲ್ಲೇ ಇಳಿಸಿ ಹೊರಟುಹೋಗುತ್ತಾರೆ. ದೊಡ್ಡ ಕೆಲಸವನ್ನು ಒಬ್ಬನ ತಲೆಯ ಮೇಲೆ ಹೊರಿಸಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ.

ಇದು ನಮಗೆ ಗೊತ್ತಾದದ್ದು ಒಂದು ಶಾಲೆಯ ಅಂಕಪಟ್ಟಿಯಿಂದ. ಇಡೀ ಶಾಲೆಯ ಮಕ್ಕಳ ಅಂಕಪಟ್ಟಿ ತಯಾರಿಸಿ ಅಪ್ಪ ಅಮ್ಮಂದಿರ ಫೋನಿಗೆ ಕಳಿಸುವ ಒಂದು ಗುಂಡಿಯನ್ನು ನಾವು ಮಾಡಿಕೊಟ್ಟಿದ್ದೆವು. ಹೆಡ್‌ಮಾಸ್ಟರು ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಮತ್ತೆ ಒತ್ತಿದರು. ಲಿಫ್ಟಿನ ಗುಂಡಿಯನ್ನು ಒತ್ತುವ ಹಾಗೆ ಒತ್ತುತ್ತಲೇ ಹೋದರು. ಪ್ರತಿ ಸಲವೂ ಕೆಲಸ ಮೊದಲಿಂದ ಶುರುವಾಗಿ ಅರ್ಧಕ್ಕೆ ನಿಂತಿತು. ಪಟ್ಟಿಯ ಕೊನೆಯ ಮಕ್ಕಳಿಗೆ ಏನೂ ಹೋಗಲಿಲ್ಲ, ಮೊದಲಿನವರಿಗೆ ಮಾತ್ರ ಒತ್ತಿದಷ್ಟು ಸಲವೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ತಂದೆ ಮೆಟ್ಟಿಲು ಹತ್ತಿ ಬಂದು ಫೋನನ್ನು ನನ್ನ ಮೇಜಿನ ಮೇಲೆ ಇಟ್ಟರು.

“ನಮ್ ಉಡ್ಗ ಗಣಿತದಾಗೆ ಪೇಲಾಗಿರೋದು ಒಂದ್ಸಲ. ನೀವು ಇಷ್ಟು ಸಲ ಯೋಳಿದ್ರೆ ನಮ್ಮ ಮನೆ ಎಂಗಸ್ರು ಉಡ್ಗುನ್ನ ಎಷ್ಟು ಸಲ ಒಡೀಬೇಕು?”

ಅವನು ಅವತ್ತು ಇನ್ನೂ ಇಳಿಸಿರದ ಹೆಲ್ಮೆಟ್ಟಿನಲ್ಲೇ ಕೈ ಮುಗಿದು, ಆ ಹುಡುಗನಿಗೆ ಒಂದು ಏಟು ಮಾತ್ರ ಲೆಕ್ಕ, ಮಿಕ್ಕಿದ್ದು ನಮ್ಮ ತಪ್ಪು ಎಂದು ಹೇಳಿ ಕಳಿಸಿದ. ಅವತ್ತೇ ಕೂತು ಹೊಸ ವ್ಯವಸ್ಥೆಯನ್ನು ಶುರುಮಾಡಿದ.

ಅದರ ನಿಯಮಗಳು ಸರಳವಾಗಿದ್ದವು. ಯಾರೇ ಏನೇ ಕೇಳಿದರೂ ಮೊದಲು ‘ತಗೊಂಡೆ’ ಅನ್ನಬೇಕು. ಕೇಳಿದವರನ್ನು ಚಕ್ರ ನೋಡುತ್ತಾ ನಿಲ್ಲಿಸಬಾರದು. ಕೇಳಿದ್ದನ್ನು ಚೂರು ಚೂರು ಮಾಡಿ, ಒಂದು ಮಗುವಿಗೆ ಒಂದು ಚೀಟಿ ಎನ್ನುವ ಹಾಗೆ, ಹಿಂದುಗಡೆ ಸರತಿಗೆ ಹಾಕಬೇಕು. ಕೂಲಿಗಳು ಒಂದೊಂದೇ ಚೀಟಿ ಎತ್ತಿಕೊಂಡು ಮುಗಿಸುತ್ತಾರೆ. ಅದೇ ಚೀಟಿ ಎರಡನೇ ಸಲ ಬಂದರೆ ಗುರುತು ಹಿಡಿದು ಬಿಟ್ಟುಬಿಡಬೇಕು. ಕೆಲಸ ಕೆಟ್ಟರೆ ತಕ್ಷಣ ಮತ್ತೆ ಹೋಗಿ ಬಾಗಿಲು ಬಡಿಯಬಾರದು. ಸ್ವಲ್ಪ ಕಾದು ಹೋಗಬೇಕು. ಆಗಲೂ ಆಗದಿದ್ದರೆ ಅದರ ಎರಡರಷ್ಟು ಕಾಯಬೇಕು, ಆಮೇಲೆ ಅದರ ಎರಡರಷ್ಟು. ಆ ಕಡೆಯವರಿಗೂ ಉಸಿರಾಡೋಕೆ ಬಿಡಬೇಕಲ್ಲ ಅಕ್ಕ ಎನ್ನುತ್ತಿದ್ದ. ಹಾಗೆ ಹೋಗಿ ಹೋಗಿ ಆಗದೇ ಉಳಿದ ಕೆಲಸವನ್ನು ಎಸೆಯಬಾರದು, ಬೇರೆ ಒಂದು ಕಡೆ ಎತ್ತಿಡಬೇಕು. ಅದಕ್ಕೇ ಅವನು ‘ಅಟ್ಟ’ ಎಂದು ಹೆಸರಿಟ್ಟಿದ್ದು. ಅಟ್ಟಕ್ಕೆ ಬಂದ ಕೆಲಸವನ್ನು ಯಂತ್ರ ಮತ್ತೆ ಮುಟ್ಟುವುದಿಲ್ಲ. ಮನುಷ್ಯನೇ ಹತ್ತಿ ನೋಡಬೇಕು, ಯಾಕೆ ಆಗಲಿಲ್ಲ ಅಂತ. ಅವನು ಬೆಳಿಗ್ಗೆ ಹೆಲ್ಮೆಟ್ಟಿನಲ್ಲಿ ಕೂತು ನೋಡುತ್ತಿದ್ದುದು ಇದನ್ನೇ.

ವ್ಯವಸ್ಥೆ ಅವನ ಹಾಗಾಯಿತೋ, ಅವನು ವ್ಯವಸ್ಥೆಯ ಹಾಗಾದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾರು ಏನು ಹೇಳಿದರೂ ಒಂದು ಬೆರಳೆತ್ತಿ “ತಗೊಂಡೆ” ಅನ್ನುವುದು ಅವನಿಗೆ ಅಭ್ಯಾಸವಾಗಿಹೋಯಿತು. ಯಾವಾಗ ಮಾಡುತ್ತಾನೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಒಮ್ಮೆ ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟು ಹಾಳಾಗಿ, ಬಂಗಾರಪೇಟೆಯಿಂದ ಒಂದು ತಂದುಕೊಡು ಎಂದಿದ್ದೆ. ಬೆರಳೆತ್ತಿದ. ಮಾರನೆಯ ವಾರ ನೆನಪಿಸಿದರೆ ಕೇಳಿಸಿಕೊಂಡವನ ಹಾಗೂ ಕಾಣಲಿಲ್ಲ. ಅದೇ ಚೀಟಿ ಎರಡನೇ ಸಲ ಬಂದಿತ್ತಲ್ಲ. ನಾನು ಕಾದು ಕಾದು ಕುಕ್ಕರನ್ನೇ ಬದಲಾಯಿಸಿದೆ. ಆಮೇಲೆ ಯಾವತ್ತೋ ಒಂದು ದಿನ ಆ ಹಳೆಯ ಅಳತೆಯ ಗ್ಯಾಸ್ಕೆಟ್ಟನ್ನು ತಂದು ಮೇಜಿನ ಮೇಲಿಟ್ಟ. ಬೈದರೆ, ನೀವು ಬೇಡ ಅಂತ ಹೇಳಲೇ ಇಲ್ಲವಲ್ಲ ಅಕ್ಕ ಎಂದ. ಆ ಗ್ಯಾಸ್ಕೆಟ್ಟು ಈಗಲೂ ನಮ್ಮನೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಆ ಸಿಟ್ಟಿಗೆ ಅವನ ಆ ಒಂದು ಮಾತನ್ನು ನನ್ನ ಬಾಯಲ್ಲಿ ಯಾವತ್ತೂ ತರುವುದಿಲ್ಲ ಎಂದು ಹಟ ಹಿಡಿದೆ. ಆಫೀಸಿನಲ್ಲಿ ಎಲ್ಲರೂ, ಮಾಲೀಕರೂ ಸಹ, ಬೆರಳೆತ್ತಿ ‘ತಗೊಂಡೆ’ ಅನ್ನತೊಡಗಿದಾಗಲೂ ನಾನು ಅನ್ನಲಿಲ್ಲ.

ಅವನಿಗೆ ತನ್ನವರು ಎಂದು ಯಾರೂ ಇರಲಿಲ್ಲ. ಅಪ್ಪ ಬಾಗಲಕೋಟೆ ಕಡೆಯವರು. ಇಲ್ಲಿನ ಕಾರ್ಖಾನೆಯ ಕೆಲಸಕ್ಕೆ ಬಂದು ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು, ಊರಿನ ಕಡೆಯ ನೆಂಟಸ್ತಿಕೆಯೂ ಅವರ ಜೊತೆಗೇ ಹೋಯಿತು. ಇವನು ಬಂಗಾರಪೇಟೆಯಲ್ಲಿ ಒಂದು ರೂಮು ಹಿಡಿದು ಒಬ್ಬನೇ ಇದ್ದ. ಅದರ ಬಗ್ಗೆ ಒಂದು ದಿನವೂ ಗೊಣಗಿದವನಲ್ಲ. ಎಲ್ಲರ ಕೆಲಸವನ್ನೂ ತಗೊಳ್ಳುತ್ತಿದ್ದನೇ ಹೊರತು ಯಾರ ಹತ್ತಿರವೂ ಏನನ್ನೂ ಕೇಳುತ್ತಿರಲಿಲ್ಲ. ಊಟದ ಹೊತ್ತಿಗೆ ನಾನು ಮುದ್ದೆ ಸಾರು ಮುಂದಿಟ್ಟರೆ ತಿನ್ನುತ್ತಿದ್ದ. ಇಡದಿದ್ದರೆ ಬನ್ನು ತಿಂದು ನೀರು ಕುಡಿಯುತ್ತಿದ್ದ.

ಇಂಥವನು ಸೆಲ್ವಿಯನ್ನು ಮದುವೆಯಾಗಬೇಕೆಂದು ಹೊರಟ. ಸೆಲ್ವಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ಪರಿಚಯವಾದದ್ದು ಬಂಗಾರಪೇಟೆಯ ಪಾನಿಪೂರಿ ಗಾಡಿಯ ಮುಂದೆ. ಇವನು ತನ್ನ ಸರದಿಯ ಪೂರಿಯನ್ನು ಅವಳಿಗೆ ಬಿಟ್ಟುಕೊಟ್ಟನಂತೆ, ಅವಳು ಅದನ್ನು ತಿಂದು ಇನ್ನೊಂದನ್ನೂ ತಿಂದಳಂತೆ. ಅವಳು ಒಪ್ಪಿಯಾಗಿತ್ತು. ಒಪ್ಪಬೇಕಾದವರು ಅವಳ ಅಪ್ಪ. ಗಣಿಯಲ್ಲಿ ದುಡಿದವರು, ಗಣಿ ಮುಚ್ಚಿದ ಮೇಲೆ ಚಾಂಪಿಯನ್ ರೀಫ್ಸ್‌ನ ಸಾಲುಮನೆಯ ಮುಂದಿನ ಬೆಂಚಿನ ಮೇಲೆ ಕೂತು ಕಾಲ ಕಳೆಯುತ್ತಿದ್ದವರು. ಇವನು ಹೋಗಿ ನೇರವಾಗಿ ಕೇಳಿದ. ಅವರು ಸಿಟ್ಟಾಗಲಿಲ್ಲ, ತಮಿಳಿನಲ್ಲಿ ತಮ್ಮನನ್ನು ಕರೆಯುವ ಹಾಗೆ ತಂಬಿ ಎಂದೇ ಕರೆದರು.

“ಆಗಲ್ಲ ತಂಬಿ. ಟೀ ಕುಡಿ.”

ಇವನು ಟೀ ಕುಡಿದು ಬಂದ. ಒಂದು ವಾರ ಬಿಟ್ಟು ಮತ್ತೆ ಹೋದ. ಆಗಲ್ಲ, ಟೀ ಕುಡಿ. ಎರಡು ವಾರ ಬಿಟ್ಟು ಹೋದ. ಆಮೇಲೆ ಅದರ ಎರಡರಷ್ಟು ಬಿಟ್ಟು. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನನಗೆ ತಕ್ಷಣ ಹೊಳೆಯಿತು, ಅವನಿಗೆ ಹೊಳೆಯಲಿಲ್ಲ. ಲೋ, ಅವರು ಸೆಲ್ವಿಯ ಅಪ್ಪ ಕಣೋ, ಕೆಟ್ಟುಹೋದ ಸರ್ವರ್ ಅಲ್ಲ ಎಂದೆ. ಅವರಿಗೂ ಉಸಿರಾಡೋಕೆ ಬಿಡಬೇಕಲ್ಲ ಅಕ್ಕ ಎಂದ.

ಯಾಕೆ ಆಗಲ್ಲ ಎಂದು ಸೆಲ್ವಿ ಅಪ್ಪನನ್ನು ಕೇಳಿದರೆ, ಸರಿಯಾಗಿ ಕೇಳಲಿ ಎಂದರಂತೆ, ಅಷ್ಟೇ. ಇವನು ಅದನ್ನು ಹಿಡಿದುಕೊಂಡು ಪ್ರತಿ ಸಲವೂ ಒಂದೊಂದನ್ನು ಸರಿಮಾಡಿಕೊಂಡು ಹೋದ. ಮೊದಲು ಕನ್ನಡದಲ್ಲಿ ಕೇಳಿದ್ದವನು ತಮಿಳಿನಲ್ಲಿ ಕೇಳಿದ. ಅವನಿಗೆ ಬರುತ್ತಿದ್ದುದು ಕ್ವಾರ್ಟರ್ಸಿನ ಫುಟ್‌ಬಾಲ್ ಮೈದಾನದ ತಮಿಳು, ಅದರಲ್ಲಿ ಹೆಣ್ಣು ಕೇಳುವುದಕ್ಕೆ ಮರ್ಯಾದೆಯ ಮಾತುಗಳೇ ಇರಲಿಲ್ಲ. ಅದನ್ನು ತಿದ್ದಿಕೊಂಡ. ಅದರ ಮುಂದಿನ ಸಲ ತುಂಬುತೋಳಿನ ಅಂಗಿ ಹಾಕಿದ. ಅದರ ಮುಂದಿನ ಸಲ ಕಟಿಂಗ್ ಮಾಡಿಸಿಕೊಂಡ. ಒಂದು ಸಲ ಪ್ಲಾಸ್ಟಿಕ್ ಕವರಿನಲ್ಲಿ ಸೇಬು ತಗೊಂಡು ಹೋದ. ಅವರು ಸೇಬನ್ನು ಒಳಗಿಟ್ಟು ಟೀ ಕೊಟ್ಟರು.

ಆಫೀಸಿನಲ್ಲಿ ನಮ್ಮ ನಮ್ಮ ಊಹೆಗಳಿದ್ದವು. ಮಾಲೀಕರ ಪ್ರಕಾರ ಜಾತಿ. ನನ್ನ ಪ್ರಕಾರ ಭಾಷೆ. ನನ್ನ ಗಂಡನ ಪ್ರಕಾರ ಆ ಹೆಲ್ಮೆಟ್ಟು. ಆದರೆ ಮುದುಕರಿಗೆ ಇವನ ಮೇಲೆ ದ್ವೇಷವಿದ್ದ ಹಾಗೆ ಕಾಣಲಿಲ್ಲ. ಬಂದಾಗಲೆಲ್ಲ ಟಿವಿಯ ರಿಮೋಟು ಕೊಟ್ಟು ನೋಡು ಎನ್ನುತ್ತಿದ್ದರು, ಪಿಂಚಣಿಗೆ ಬೆರಳಚ್ಚು ಕೊಡಬೇಕು, ಕರ್ಕೊಂಡು ಹೋಗು ಎನ್ನುತ್ತಿದ್ದರು. ಇವನು ಬೆರಳೆತ್ತಿ ‘ತಗೊಂಡೆ’ ಅನ್ನುತ್ತಿದ್ದ. ಮಗಳನ್ನು ಕೊಡುವುದಿಲ್ಲ, ಕೆಲಸ ಮಾತ್ರ ಕೊಡುತ್ತಾರೆ ಎಂದು ನಾನು ರೇಗುತ್ತಿದ್ದೆ. ಕಾಯುವ ಅವಧಿ ಮಾತ್ರ ಬೆಳೆಯುತ್ತಲೇ ಇತ್ತು. ವಾರವಿದ್ದದ್ದು ತಿಂಗಳಾಗಿ ಒಂದು ವರ್ಷವನ್ನೂ ದಾಟಿತು.

ಒಂದು ಮಧ್ಯಾಹ್ನ ಅವನು ಬಂಗಾರಪೇಟೆಯ ಲ್ಯಾಬಿಗೆ ಹೋಗಿದ್ದಾಗ ಸೆಲ್ವಿ ಆಫೀಸಿಗೆ ಬಂದಳು. ಅವಳಿಗೆ ರಾಯಚೂರಿಗೆ ವರ್ಗವಾಗುವುದಿತ್ತು. ಆದೇಶ ಕೈಗೆ ಬಂದರೆ ಹೋಗಲೇಬೇಕು. ಮದುವೆಯಾಗಿ ಇಬ್ಬರೂ ಹೋಗುವುದೋ, ಅವಳೊಬ್ಬಳೇ ಹೋಗಿ ಅಲ್ಲಿಗೆ ಇದು ಮುಗಿಯುವುದೋ, ಎರಡರಲ್ಲಿ ಒಂದು ಈಗಲೇ ಆಗಬೇಕಿತ್ತು. ಅವನ ಲೆಕ್ಕದಲ್ಲಿ ಮುಂದಿನ ಸಲ ಕೇಳುವುದಕ್ಕೆ ಇನ್ನೂ ಎರಡು ವರ್ಷದ ಮೇಲೆ ಬಾಕಿ ಇತ್ತು. ಅಷ್ಟರಲ್ಲಿ ನನ್ ತಲೆ ನರೆತಿರ್ತದೆ ಅಕ್ಕ ಎಂದಳು. ನಾನು ಟೀ ತರಿಸಿ, ನಿಮ್ಮಪ್ಪನಿಗೆ ಏನಮ್ಮ ಅಡ್ಡಿ, ಜಾತಿಯಾ, ಭಾಷೆಯಾ ಎಂದು ಕೇಳಿಯೇಬಿಟ್ಟೆ. ಅವಳು ಲೋಟವನ್ನು ತಿರುಗಿಸುತ್ತಾ ಕೂತಿದ್ದಳು.

“ಅದೆಲ್ಲ ಏನೂ ಇಲ್ಲ ಅಕ್ಕ. ಎಣ್ಣು ಕೇಳೋಕೆ ಯಾರಾದ್ರೂ ಒಬ್ನೇ ಬತ್ತಾರಾ? ದೊಡ್ಡೋರು ಬರ್ಬೇಕು, ಎಲೆ ಅಡ್ಕೆ ತಟ್ಟೆ ತರ್ಬೇಕು. ತಟ್ಟೆ ಯಾರ್ ಕೈಯಿಂದ ಇಸ್ಕೊಳ್ಳೋದು ಅಂತಾರೆ ನಮ್ಮಪ್ಪ. ಅದನ್ನ ಅವ್ನಿಗೆ ನಾನ್ ಎಂಗೆ ಯೋಳ್ಲಿ? ಯಾರ್ನ ಕರ್ಕೊಂಡ್ ಬಾ ಅಂತ ಯೋಳ್ಲಿ?”

ಅಪ್ಪನೂ ಅದೇ ಕಾರಣಕ್ಕೆ ಬಾಯಿ ಬಿಟ್ಟಿರಲಿಲ್ಲವಂತೆ. ತಂದೆ ತಾಯಿ ಇಲ್ಲದ ಹುಡುಗನಿಗೆ ನಿನ್ನವರನ್ನು ಕರೆದುಕೊಂಡು ಬಾ ಎಂದು ಹೇಗೆ ಹೇಳುವುದು. ಹಾಗಂತ ಕಟ್ಟಳೆ ಬಿಟ್ಟು ಮಗಳನ್ನು ಕೊಟ್ಟರೆ, ದಿಕ್ಕಿಲ್ಲದ ಹುಡುಗನಿಗೆ ಹೇಗೋ ಒಂದು ಕೊಟ್ಟರು ಎಂದು ಸಾಲುಮನೆಯವರೆಲ್ಲ ಆಡಿಕೊಳ್ಳುತ್ತಾರೆ, ಅದು ಅವನಿಗೇ ಅವಮಾನ. ಅದಕ್ಕೇ ಪ್ರತಿ ಸಲವೂ ಟೀ ಕೊಟ್ಟು ಕಳಿಸುತ್ತಿದ್ದರು, ಮುಂದಿನ ಸಲವಾದರೂ ಯಾರನ್ನಾದರೂ ಕರೆತಂದಾನು ಎಂದು. ಇವನು ಅಂಗಿಯನ್ನೂ ಭಾಷೆಯನ್ನೂ ಬದಲಾಯಿಸಿಕೊಂಡು ಅದೇ ಅರ್ಧ ಕೆಲಸವನ್ನೇ ಹೊತ್ತುಕೊಂಡು ಹೋಗುತ್ತಿದ್ದ. ನನಗೆ ಅಲ್ಲೇ ಕಣ್ಣು ತುಂಬಿತು. ಮಾಲೀಕರು ಗೋಡೆಯ ಆಚೆ ಕೂತು ಕೇಳಿಸಿಕೊಂಡಿದ್ದರು ಎಂದು ಮೂಗು ಎಳೆದುಕೊಂಡ ಸದ್ದಿನಿಂದ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಅವನು ಎಂದಿನ ಹಾಗೆ ಹೆಲ್ಮೆಟ್ಟಿನಲ್ಲಿ ಕೂತು ಅಟ್ಟ ನೋಡುತ್ತಿದ್ದ. ಏನಾದರೂ ಇದೆಯಾ ಎಂದೆ. ಖಾಲಿ ಎಂದ.

“ನಿಂದೊಂದೈತೆ ಕಣ್ಲಾ. ಊರೋರ್ ಕೆಲ್ಸ ಆಗ್ದಿದ್ರೆ ಅಟ್ಟ ಅತ್ತಿ ನೋಡ್ತೀಯ. ನಿಂದನ್ನ ಯಾವತ್ತು ನೋಡ್ತೀಯ? ತಟ್ಟೆ ಇಲ್ದೆ ದೊಡ್ಡೋರಿಲ್ದೆ ಓಗಿ ಕೇಳಿದ್ರೆ ಆವಯ್ಯ ಏನ್ ಮಾಡ್ತಾನೆ?”

ಅವನಿಗೆ ಆಶ್ಚರ್ಯವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ, ಗೊತ್ತು ಅಕ್ಕ, ಆದರೆ ಕರೆದುಕೊಂಡು ಹೋಗೋಕೆ ನನಗೆ ಯಾರಿದ್ದಾರೆ ಎಂದ. ಅವನಿಗೆ ಗೊತ್ತೇ ಇತ್ತು. ಗೊತ್ತಿದ್ದೂ, ನಮ್ಮನ್ನು ಒಂದು ಮಾತು ಕೇಳುವುದಕ್ಕಿಂತ ಭಾಷೆಯನ್ನೇ ತಿದ್ದಿಕೊಳ್ಳುವುದು ಸುಲಭ ಅನ್ನಿಸಿತ್ತು ಅವನಿಗೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ನನ್ನ ಡಬ್ಬಿಯ ಮುದ್ದೆ ತಿಂದವನು ಯಾರಿದ್ದಾರೆ ಅನ್ನುತ್ತಾನೆ. ನಾನಾಗಿಯೇ ಬರುತ್ತೇನೆ ಎಂದು ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲ.

“ನನ್ನ ಕೇಳು” ಎಂದೆ.

ಅವನು ಕುರ್ಚಿಯನ್ನು ಆ ಕಡೆ ಈ ಕಡೆ ತಿರುಗಿಸಿದ. ಪೆನ್ನು ಎತ್ತಿಕೊಂಡು ಕೆಳಗಿಟ್ಟ. ಎದ್ದು ನೀರು ಕುಡಿಯಲು ಹೋಗಿ, ಹೆಲ್ಮೆಟ್ಟಿನ ಗಾಜಿನ ಮೇಲೆಲ್ಲ ನೀರು ಚೆಲ್ಲಿಕೊಂಡು ಬಂದ. ನಾನು ಕೈ ಕಟ್ಟಿ ನಿಂತೇ ಇದ್ದೆ. ಕೊನೆಗೆ ಹೆಲ್ಮೆಟ್ಟು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಅಕ್ಕ, ನನ್ ಕಡೆಯಿಂದ ಬತ್ತೀರಾ?”

ಬರುತ್ತೇನೆ ಎಂದೆ. ಒಳಗಿನಿಂದ ಮಾಲೀಕರೂ ಬರುತ್ತೇನೆ ಎಂದರು, ಅವರನ್ನು ಇನ್ನೂ ಯಾರೂ ಕೇಳಿರಲಿಲ್ಲ.

ಭಾನುವಾರ ಮಾಲೀಕರ ಕಾರಿನಲ್ಲಿ ಹೋದೆವು. ನನ್ನ ತೊಡೆಯ ಮೇಲೆ ತಟ್ಟೆ, ಅದರಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಮಲ್ಲಿಗೆ. ನನ್ನ ಗಂಡ ಇಸ್ತ್ರಿಯ ಪಂಚೆ ಉಟ್ಟಿದ್ದರು. ಮಾಲೀಕರು ಜರಿಯಂಚಿನ ಪಂಚೆ, ರೇಷ್ಮೆ ಶಲ್ಯ ಹೊದ್ದು ಮದುಮಗನಿಗಿಂತ ಜೋರಾಗಿದ್ದರು. ಮದುಮಗ ಹೆಲ್ಮೆಟ್ಟಿಲ್ಲದೆ ಬೇರೆ ಯಾರೋ ಅನ್ನಿಸುತ್ತಿದ್ದ. ಕಾರು ಸಾಲುಮನೆಯ ಮುಂದೆ ನಿಂತದ್ದೇ ಬೆಂಚಿನ ಮೇಲಿದ್ದ ಸೆಲ್ವಿಯ ಅಪ್ಪ ನಮ್ಮನ್ನೂ ತಟ್ಟೆಯನ್ನೂ ನೋಡಿದರು. ಎದ್ದು ಒಳಗೆ ಹೋದರು. ಇದೂ ಕೈಬಿಟ್ಟಿತು ಎಂದುಕೊಂಡೆ. ಆಮೇಲೆ ನೋಡಿದರೆ ಬಿಳಿ ಅಂಗಿ ಹಾಕಿಕೊಂಡು ಗುಂಡಿ ಹಾಕುತ್ತಾ ಹೊರಗೆ ಬಂದರು. ಅಕ್ಕಪಕ್ಕದವರೂ ಬಾಗಿಲಿಗೆ ಬಂದು ನಿಂತಿದ್ದರು.

ಚಾಪೆ ಹಾಸಿ ಕೂರಿಸಿದ ಮೇಲೆ ಕೇಳಬೇಕಾದ ಮಾತನ್ನು ಅವರು ಬಾಗಿಲಲ್ಲಿದ್ದವರಿಗೂ ಕೇಳುವ ಹಾಗೆ ಕೇಳಿದರು.

“ನೀವು ತಂಬಿಗೆ ಏನಾಗ್ಬೇಕು?”

ಮೊದಲು ಮಾಲೀಕರ ಮುಖ ನೋಡಿದರು. ಮಾಲೀಕರು ಗಡಿಬಿಡಿಯಲ್ಲಿ, ನಾನು ಇವನಿಗೆ ಸಂಬಳ ಕೊಡೋನು ಎಂದುಬಿಟ್ಟರು. ನಾನು ಅವರ ಮೊಣಕೈಗೆ ತಿವಿದು ಮುಂದೆ ಬಂದೆ.

“ಅಕ್ಕ ಆಗ್ಬೇಕು ನಾನು. ಇವ್ರು ಬಾವ. ಅವ್ರು ಚಿಕ್ಕಪ್ಪ.”

ಮಾಲೀಕರು ನನಗಿಂತ ಚಿಕ್ಕವರು. ಆ ಕ್ಷಣಕ್ಕೆ ಚಿಕ್ಕಪ್ಪನ ಹಾಗೆ ಕಾಣಲು ಶಲ್ಯವನ್ನು ಸರಿಮಾಡಿಕೊಂಡು ಗಂಭೀರವಾಗಿ ಕೆಮ್ಮಿದರು. ಇವನಿಗೆ ಅಕ್ಕ ಇಲ್ಲ, ಚಿಕ್ಕಪ್ಪ ಇಲ್ಲ ಎಂದು ಆ ಮುದುಕರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಅವನ ಕಡೆ ತಿರುಗಿದರು.

“ಈಗ ಕೇಳು ತಂಬಿ.”

ಎರಡು ಭಾಷೆಯಲ್ಲಿ ಅಷ್ಟೊಂದು ಸಲ ಕೇಳಿದ್ದವನಿಗೆ ಅವತ್ತು ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸೆಲ್ವಿ ಒಳಗಿನಿಂದ ಬಗ್ಗಿ ನೋಡುತ್ತಿದ್ದಳು. ಮುದುಕರು ಸ್ವಲ್ಪ ಹೊತ್ತು ಕಾದರು.

“ಆಯ್ತು ತಂಬಿ. ಟೀ ಕುಡಿ.”

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನನ್ನ ಗಂಡ ಇವತ್ತಿಗೂ ಅದನ್ನು ಹೇಳಿ ಹೇಳಿ ನಗುತ್ತಾರೆ.

ಮದುವೆಯಾಯಿತು, ಆದೇಶವೂ ಬಂತು, ಇಬ್ಬರೂ ರಾಯಚೂರಿಗೆ ಹೋದರು. ಹೋಗುವ ದಿನ ಅವನ ಕೈಗೆ ಒಂದು ಡಬ್ಬಿ ಹುರಳಿ ಸಾರಿನ ಪುಡಿ ಕೊಟ್ಟು, ಊರು ಮುಟ್ಟಿದ ತಕ್ಷಣ ಫೋನ್ ಮಾಡು ಎಂದಿದ್ದೆ. ಬೆರಳೆತ್ತಿ ‘ತಗೊಂಡೆ’ ಎಂದು ರೈಲು ಹತ್ತಿದ. ಮಾಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅವನು ಹೋದ ಮೇಲೂ ಅವನ ವ್ಯವಸ್ಥೆ ಸುಮಾರು ಕಾಲ ನಡೆಯಿತು. ಅಟ್ಟವನ್ನು ನಾನೇ ನೋಡುತ್ತಿದ್ದೆ, ಹೆಲ್ಮೆಟ್ಟಿಲ್ಲದೆ. ಈಗ ಅದೂ ನಿಂತಿತು. ನಿಂತ ದಿನ ನಿಜಕ್ಕೂ ಬೇಜಾರಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಮೊನ್ನೆ ಭಾನುವಾರ ಫೋನು ಬಂತು. ರಾಯಚೂರು ಮುಟ್ಟಿದ್ದೇವೆ ಅಕ್ಕ ಎಂದು ಶುರುಮಾಡಿದ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ, ಹೆಣ್ಣುಮಗುವಾಗಿದೆ, ಹೆಸರಿಡಬೇಕು ಎಂದ. ತೊಟ್ಟಿಲ ಹತ್ತಿರ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಸೋದರತ್ತೆಯೇ ಬೇಕಂತೆ, ಬೇರೆ ಯಾರೂ ಆಗುವುದಿಲ್ಲವಂತೆ. ತನ್ನ ಅಪ್ಪನ ಊರಿನ ಕಡೆಯ ಪದ್ಧತಿಯಲ್ಲಿ ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ಗುದ್ದುತ್ತಾರಂತೆ. ಅದನ್ನೂ ಮುಚ್ಚಿಡದೆ ಹೇಳಿದ. ಬರುತ್ತೇನೆ ಎಂದು ನಾನಾಗಿ ಹೇಳಲಿಲ್ಲ, ಅವನೇ ಕೇಳಲಿ ಎಂದು.

“ಅಕ್ಕ, ಬತ್ತೀರಾ?”

ಅವನಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ನಾನು ಒಂದು ಬೆರಳು ಎತ್ತಿದೆ.

“ತಗೊಂಡೆ” ಎಂದೆ.